ಹದಿನೇಳು ಬಂದರೆ ಹದಿನೇಳೇ ಬರೆ

ರೂಪಾಲಿ,

ಹುಕ್ಕೇರಿಯ ಮೊದಲ ಬಸ್ಸಿಗೆ ಹೊರಟಿದ್ದೇನೆ, ನಿನ್ನನ್ನು ಎಬ್ಬಿಸಲಿಲ್ಲ. ರೊಟ್ಟಿ ಬುಟ್ಟಿಯಲ್ಲಿದೆ, ಝುಣಕ ಬಿಸಿ ಮಾಡಿಕೋ.

ಲೆನ್ಸಿನ ಸಂಗಮದೂರ ಅಳೆಯುವ ಪ್ರಯೋಗಕ್ಕೆ ಸರ್ ಸಹಿ ಹಾಕಲಿಲ್ಲ ಎಂದು ನೀನು ನಿನ್ನೆ ಹೇಳಿದಾಗ ನಾನು, "ಎಲ್ಲಾರೂ ಹದಿನೈದು ಸೆಂಟಿಮೀಟರ್ ಬರದಾರ, ನೀನೂ ಅಷ್ಟ ಬರಿ" ಅಂದೆ. "ನನಗ ಬಂದಿದ್ದು ಹದಿನೇಳ್ರಿ ಅತ್ತಿ. ಕೀನ್ಯಾದಾಗ ಬಂದಿದ್ದ ಬರದು, ಯಾಕ ತಪ್ಪಾತು ಅಂತ ಹೇಳಿದ್ರ ಮಾರ್ಕ್ಸ್ ಕೊಡ್ತಿದ್ರು" ಎಂದು ನೀನು ತಾಟು ಬಿಟ್ಟು ಎದ್ದೆ. ಪೇಪರಿನಲ್ಲಿ ಒಂದು ತಾರೀಖು ತಪ್ಪಿದರೂ ಸಂಪಾದಕರಿಗೆ ಪತ್ರ ಬರೆಯುವವಳು ನಾನು. ಹೆದರಿ ಹಾಗೆ ಅಂದುಬಿಟ್ಟೆ.

ಹೆದರಿಕೆ ಈಗಲೂ ಇದೆ. ಶನಿವಾರದೊಳಗೆ ರೆಕಾರ್ಡಿಗೆ ಸಹಿ ಬೀಳದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಕಾಲೇಜಿನ ನೋಟಿಸಿನಲ್ಲಿದೆ. ಕೀನ್ಯಾದ ಸಕ್ಕರೆ ಕಾರ್ಖಾನೆಯಲ್ಲಿ ನಿಮ್ಮಪ್ಪನ ಕೆಲಸ ಮುಗಿದಿದ್ದಕ್ಕೆ ಅಲ್ಲಿಯ ಕೊನೆಯ ವರ್ಷವನ್ನು ಅರ್ಧಕ್ಕೇ ಬಿಟ್ಟು ಬಂದವಳು ನೀನು. ಇಲ್ಲಿಯ ವರ್ಷವೂ ಹೋಗಬಾರದು.

ನಕಲು ಮಾಡಲೆಂದು ನಾನು ತಂದಿಟ್ಟಿದ್ದ ನಿನ್ನ ಕ್ಲಾಸಿನ ಪೂನಮ್‌ಳ ರೆಕಾರ್ಡನ್ನು ಅವರ ಮನೆಗೆ ಕೊಟ್ಟು ಹೋಗುತ್ತೇನೆ, ಹುಡುಕಬೇಡ. ಹತ್ತಕ್ಕೆ ಲ್ಯಾಬಿಗೆ ಹೋಗಿ, "ಸರ್, ನಿಮ್ಮ ಮುಂದ ಇನ್ನೊಮ್ಮೆ ಮಾಡ್ತೀನ್ರಿ" ಎಂದು ಕೇಳು. ಪರದೆಯ ಮೇಲೆ ಚಿತ್ರ ಸ್ಪಷ್ಟವಾಗುವವರೆಗೆ ಅವಸರ ಮಾಡಬೇಡ.

ಹದಿನೈದು ಬಂದರೆ ಒಳ್ಳೆಯದು. ಮತ್ತೆ ಹದಿನೇಳೇ ಬಂದರೆ ಅದನ್ನೇ ಬರೆ. ಆಗಲೂ ಅವರು ಸಹಿ ಹಾಕದಿದ್ದರೆ ಫೋನ್ ಮಾಡು, ಮಧ್ಯಾಹ್ನದ ಬಸ್ಸಿಗೆ ನಾನೇ ಕಾಲೇಜಿಗೆ ಬರುತ್ತೇನೆ. ಬಂದು ಅವರಿಗೆ ಏನು ಹೇಳಬೇಕೆಂದು ನನಗಿನ್ನೂ ಹೊಳೆದಿಲ್ಲ, ಆದರೂ ಬರುತ್ತೇನೆ.

ಅತ್ತಿ