ಅಪ್ಪನ ಎಡಗಿವಿ

ಫೋಟೊ ಸ್ಟುಡಿಯೊದ ಯಜಮಾನನೂ ನನ್ನ ಅಪ್ಪನೂ ಆದ ನಿನಗೆ,

ಹೋದ ಭಾನುವಾರ ನನ್ನ ರೂಮಿಗೆ ಬಂದಿದ್ದ ನೀನು ಟೀ ಕೂಡ ಕುಡಿಯದೆ ಎದ್ದು ಹೋದ ಮೇಲೆ ನಾಲ್ಕು ಸಲ ಫೋನ್ ಮಾಡಿದೆ. ಪ್ರತಿ ಸಲವೂ ಅಮ್ಮನೇ ಎತ್ತಿ, "ಅಂಗಡೀಲಿ ಗಿರಾಕಿ ಇದಾರಂತೆ ಕಣೇ" ಅಂದಳು. ಭಾನುವಾರ ಸಂಜೆ ನೀನು ಅಂಗಡಿಯ ಬಾಗಿಲು ಹಾಕಿರುತ್ತೀಯ ಅನ್ನುವುದು ನನಗೆ ಗೊತ್ತಿಲ್ಲವೇ? ಫೋನಾದರೆ ತಪ್ಪಿಸಿಕೊಳ್ಳಬಹುದು. ಕಾಗದವನ್ನು ಅರ್ಧಕ್ಕೆ ಬಿಡುವ ಸ್ವಭಾವ ನಿನ್ನದಲ್ಲ. ಔಷಧಿ ಡಬ್ಬಿಯೊಳಗಿನ ಚೀಟಿಯನ್ನೂ ಕೊನೆಯ ಸಾಲಿನವರೆಗೆ ಓದುವವನು ನೀನು. ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಇಷ್ಟೇ. ಶನಿವಾರ ನಮ್ಮ ಚಿತ್ರಕಲಾ ಕಾಲೇಜಿನ ಪ್ರದರ್ಶನ. ನಾನು ಬರೆದ ನನ್ನದೇ ಮುಖದ ಚಿತ್ರವನ್ನು ದೊಡ್ಡ ಹಾಲಿನ ನಡುಗೋಡೆಗೆ ಆರಿಸಿದ್ದಾರೆ. ನಾಳೆ ಮಧ್ಯಾಹ್ನದೊಳಗೆ ಅದನ್ನು ಫ್ರೇಮಿಗೆ ಕೊಡಬೇಕು. ನೀನು ನೋಡಿ ಹೇಳಿದ್ದು ನನಗೆ ಬಾಯಿಪಾಠವಾಗಿದೆ: "ಎಲ್ಲಾ ಚೆನ್ನಾಗಿ ಬಂದಿದೆ ಮಗಳೇ. ಎಡಗಣ್ಣಿನ ಕರಿಗುಡ್ಡೆ ಮಾತ್ರ ಒಂದು ಚೂರು ಈಚೆ ಸರಿಸಿಬಿಡು. ಎರಡು ನಿಮಿಷದ ಕೆಲಸ." ನಾನು ಆಗುವುದಿಲ್ಲ ಅಂದೆ. "ಹಾಗಾದ್ರೆ ನನ್ನ ಕರೀಬೇಡ. ನಾಲ್ಕು ಜನ ನಿನ್ನ ನೋಡಿ ನಗೋದನ್ನ ನಿಂತ್ಕೊಂಡು ನೋಡೋಕೆ ನನ್ನ ಕೈಲಾಗಲ್ಲ" ಅಂದವನೇ ನೀನು ಚಪ್ಪಲಿ ಮೆಟ್ಟಿಕೊಂಡೆ.

ನನ್ನ ಎಡಗಣ್ಣು ಹುಟ್ಟಿದಾಗಿನಿಂದ ಮೂಗಿನ ಕಡೆ ವಾಲಿದೆ. ಮೆಳ್ಳೆಗಣ್ಣು ಅನ್ನುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಬದಲಿಗೆ ನೀನೊಂದು ಉಪಾಯ ಹುಡುಕಿದೆ. ನಾನು ಬಲಕ್ಕೆ ನೋಡಿದಾಗ ಮಾತ್ರ ಎರಡೂ ಕಣ್ಣು ಒಂದೇ ಸಾಲಿಗೆ ಬರುತ್ತವೆ ಅನ್ನುವುದು ಡಾಕ್ಟರಿಗಿಂತ ಮೊದಲು ನಿನಗೆ ಗೊತ್ತಾಗಿತ್ತು. ನನ್ನ ಫೋಟೊ ತೆಗೆಯುವಾಗಲೆಲ್ಲ ಕ್ಯಾಮೆರಾ ಸ್ಟ್ಯಾಂಡಿನ ಪಕ್ಕಕ್ಕೆ ಸರಿದು ನಿಂತು, ಒಂದು ಕೈಯಲ್ಲಿ ಕ್ಲಿಕ್ ಮಾಡುವ ವೈರು ಹಿಡಿದು, ಇನ್ನೊಂದರಲ್ಲಿ ನಿನ್ನ ಎಡಗಿವಿ ಜಗ್ಗುತ್ತ, "ಇಲ್ನೋಡು, ಕಿವಿ ನೋಡು" ಅನ್ನುತ್ತಿದ್ದೆ. ಹುಟ್ಟುಹಬ್ಬದ ಫೋಟೊ, ಶಾಲೆಯ ಗುರುತಿನ ಚೀಟಿ, ಪರೀಕ್ಷೆಯ ಹಾಲ್ ಟಿಕೆಟ್, ಎಲ್ಲದರಲ್ಲೂ ನಾನು ನಿನ್ನ ಕಿವಿಯನ್ನೇ ನೋಡುತ್ತಿದ್ದೇನೆ.

ಅಭ್ಯಾಸ ಅಂಟಿಕೊಂಡುಬಿಟ್ಟಿತು ಅಪ್ಪ. ಯಾರ ಜೊತೆ ಮಾತಾಡಿದರೂ ನನ್ನ ನೋಟ ಅವರ ಎಡಗಿವಿಗೇ ಹೋಗಿ ಕೂರುತ್ತದೆ. ನಮ್ಮ ಕ್ಯಾಂಟೀನಿನವನು ಒಂದು ದಿನ ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು, "ಆಗಿನಿಂದ ನೋಡ್ತಾ ಇದೀಯ, ಬೇಕಿದ್ರೆ ತಗೊಳಮ್ಮ" ಅಂತ ಕೊಟ್ಟೇಬಿಟ್ಟ. ಆ ಪೆನ್ಸಿಲ್ಲಿನಲ್ಲೇ ನನ್ನ ಮೊದಲ ಸ್ವಂತ ಮುಖ ಬರೆದೆ. ನಮ್ಮ ಚಿತ್ರದ ಟೀಚರ್, ನಾವೆಲ್ಲ ಗೆರೆ ಮೇಡಂ ಅನ್ನುತ್ತೇವೆ, ಅದನ್ನು ದೂರ ಹಿಡಿದು ನೋಡಿ, "ಕೈ ಚೆನ್ನಾಗಿದೆ. ಆದ್ರೆ ಈ ಹುಡುಗಿ ಯಾರನ್ನ ನೋಡ್ತಿದಾಳೆ?" ಅಂದರು. ಕನ್ನಡಿಯ ಎದುರು ಕೂತು ನಾನು ನನ್ನ ಕಿವಿಯನ್ನು ನೋಡಿಕೊಂಡೇ ಬರೆದಿದ್ದೆ.

ಆಮೇಲೆ ಸಮತೋಲನದ ಪಾಠ ಬಂತು. ಮುಖದ ಅರ್ಧವನ್ನು ತೆಳುಕಾಗದಕ್ಕೆ ಇಳಿಸಿ, ಮಡಚಿ, ಇನ್ನರ್ಧಕ್ಕೂ ಅದನ್ನೇ ಅಚ್ಚು ಒತ್ತುವ ಕೆಲಸ. ಬಲಭಾಗ ಮಡಚಿದಾಗ ಒಬ್ಬಳು ಬಂದಳು, ಗಾಳಿ ಬೀಸಿದರೂ ರೆಪ್ಪೆ ಹೊಡೆಯದಷ್ಟು ಸಾಧು. ನಿನ್ನ ಆಲ್ಬಮ್ಮಿನಲ್ಲಿರುವವಳು ಅವಳೇ. ಎಡಭಾಗ ಮಡಚಿದಾಗ ಇನ್ನೊಬ್ಬಳು ಬಂದಳು, ಮೂಗಿನ ತುದಿಯಲ್ಲಿ ಏನೋ ಕಳೆದುಕೊಂಡು ಹುಡುಕುವವಳು. ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ. ಇಬ್ಬರಲ್ಲಿ ಯಾರೂ ನಾನಲ್ಲ ಅನ್ನುವುದು ಮಾತ್ರ ಅವತ್ತೇ ಖಚಿತವಾಯಿತು.

ಎರಡು ಕಡೆ ಒಂದೇ ಥರ ಇದ್ದರೆ ಮಾತ್ರ ಸಮತೋಲನ ಅಂತ ಯಾರು ಹೇಳಿದ್ದು ಅಂತ ಮೇಡಂ ಕೇಳಿದರು. ಪಾರ್ಕಿನ ಸೀಸಾ ಹಲಗೆಯಲ್ಲಿ ದಪ್ಪ ಮಗು ನಡುವಿಗೆ ಹತ್ತಿರ ಕೂತರೆ ತೆಳ್ಳನೆಯದು ತುದಿಗೆ ಕೂರುತ್ತದೆ, ಹಲಗೆ ಆಗಲೂ ನಿಲ್ಲುತ್ತದೆ. ನಾನು ಹಾಗೇ ಮಾಡಿದೆ. ಮುಖವನ್ನು ಹಾಳೆಯ ನಡುವಿನಿಂದ ಸರಿಸಿದೆ. ವಾಲಿದ ಕಣ್ಣು ನೋಡುವ ಕಡೆ ಗೋಡೆಯನ್ನು ಖಾಲಿ ಬಿಟ್ಟೆ. ಇಡೀ ಚಿತ್ರದ ಅತಿ ಗಾಢ ಕಪ್ಪನ್ನು ಆ ಕರಿಗುಡ್ಡೆಗೇ ಇಟ್ಟೆ, ಏಕೆಂದರೆ ನೋಡುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಹೋಗಲಿ ಬಿಡು ಅನ್ನುವ ಧೈರ್ಯ ಬರಲು ನನಗೆ ಹನ್ನೊಂದು ಹಾಳೆ ಬೇಕಾಯಿತು. ಈಗ ಅದನ್ನು ಒಂದು ಚೂರು ಸರಿಸಿದರೂ ಚಿತ್ರವೆಲ್ಲ ಒಂದು ಕಡೆ ಜಗ್ಗುತ್ತದೆ. ಅದು ಎರಡು ನಿಮಿಷದ ಕೆಲಸವಲ್ಲ ಅಪ್ಪ.

ಮೊನ್ನೆ ಅಮ್ಮ ಹಳೆಯ ಫೋಟೊಗಳ ಕಟ್ಟು ಕಳಿಸಿದಳು. ಅದರಲ್ಲಿ ನೀನೇ ತೆಗೆದ ಏಳನೇ ಕ್ಲಾಸಿನ ಗ್ರೂಪ್ ಫೋಟೊ ಇತ್ತು. ಸುಮ್ಮನೆ ನೋಟದ ಗೆರೆ ಅಳೆಯೋಣವೆಂದು ಸ್ಕೇಲ್ ಇಟ್ಟೆ. ಮೊದಲ ಸಾಲು, ಎರಡನೇ ಸಾಲು, ಬೆಂಚಿನ ಮೇಲೆ ನಿಂತವರು, ನಲವತ್ತೆರಡು ಮಕ್ಕಳೂ ಒಂದೇ ಪಕ್ಕಕ್ಕೆ ನೋಡುತ್ತಿದ್ದಾರೆ. ಹೆಡ್‌ಮಾಸ್ಟರ್ ಒಬ್ಬರೇ ನೇರ ನೋಡಿರುವುದು. ಅವರಿಗೆ ಹೇಳುವ ಧೈರ್ಯ ನಿನಗಾಗಿರಲಿಕ್ಕಿಲ್ಲ. ಆಗ ನೆನಪಾಯಿತು. "ಎಲ್ಲಾರೂ ನನ್ನ ಕಿವಿ ನೋಡ್ರಪ್ಪಾ, ಒಳಗೊಂದು ಇಲಿ ಸೇರ್ಕೊಂಡಿದೆ" ಅಂದಿದ್ದೆ ನೀನು. ಮಕ್ಕಳೆಲ್ಲ ಕೇಕೆ ಹಾಕಿ ನಕ್ಕಿದ್ದರು, ನಮ್ಮಪ್ಪ ಎಲ್ಲರೆದುರು ಕೋತಿಯಾಟ ಆಡುತ್ತಾನಲ್ಲ ಅಂತ ನಾನು ನಾಚಿಕೆಯಿಂದ ಸತ್ತಿದ್ದೆ. ನಾನೊಬ್ಬಳೇ ಓರೆ ನೋಡಬಾರದೆಂದು ನೀನು ಇಡೀ ಕ್ಲಾಸನ್ನೇ ಓರೆ ನೋಡಿಸಿದ್ದೆ. ಆ ಫೋಟೊ ಹಿಡಿದುಕೊಂಡು ನಾನು ಕಾಲೇಜಿನ ಕ್ಲಾಸಿನಲ್ಲಿ ಎಲ್ಲರೆದುರು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ.

ನನ್ನನ್ನು ಇಷ್ಟು ಕಾದವರು ಬೇರೆ ಯಾರೂ ಇಲ್ಲ. ಅದನ್ನು ತಿಳಿದುಕೊಂಡೇ ಹೇಳುತ್ತಿದ್ದೇನೆ, ಕರಿಗುಡ್ಡೆ ಸರಿಸುವುದಿಲ್ಲ. ಹಟಕ್ಕಲ್ಲ. ನಿನ್ನ ಅಂಗಡಿಯಲ್ಲಿ ಕುಂಚ ಹಿಡಿದು ಗಿರಾಕಿಗಳ ಫೋಟೊದಲ್ಲಿನ ಮಚ್ಚೆ, ಮೊಡವೆ ಮುಚ್ಚುವಾಗ ನೀನು ಹೇಳುತ್ತಿದ್ದ ಒಂದು ನಿಯಮವಿದೆ: "ಅವರಾಗಿ ಕೇಳಿದ್ರೆ ಮಾತ್ರ ತಿದ್ದಬೇಕು. ಇಲ್ಲಾಂದ್ರೆ ದೇವರು ಕೊಟ್ಟಿದ್ದನ್ನ ಮುಟ್ಟಬಾರದು." ನಾನು ಯಾವತ್ತೂ ಕೇಳಿರಲಿಲ್ಲ ಅಪ್ಪ. ಎಲ್ಲರಿಗೂ ಪಾಲಿಸಿದ ನಿಯಮವನ್ನು ನೀನು ನನ್ನೊಬ್ಬಳ ವಿಷಯದಲ್ಲಿ ಮುರಿದೆ. ಜನ ನಗಬಹುದು. ನಕ್ಕವರ ಮುಖವನ್ನು ನಾನು ನೇರವಾಗಿ ನೋಡುತ್ತೇನೆ, ಅದೇ ನಾನು ಈ ವರ್ಷ ಕಲಿತದ್ದು. ಚಿತ್ರದ ಮೂಲೆಯಲ್ಲಿ ಸಹಿಯನ್ನೂ ಹಾಕಿ ಮುಗಿಸಿದ್ದೇನೆ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಪ್ರದರ್ಶನದ ಹಾಲ್ ತೆರೆಯುತ್ತದೆ. ನನ್ನ ಚಿತ್ರ ಬರುವ ನಡುಗೋಡೆಯ ಎದುರಿಗೆ ಹೋಗಿ ನಿಂತು ಅಳತೆ ಹಾಕಿ ಬಂದೆ. ಅಲ್ಲಿ ತೂಗುಹಾಕಿದರೆ ಬಲಗಣ್ಣು ಮುಂದೆ ನಿಂತವರನ್ನು ನೋಡುತ್ತಿರುತ್ತದೆ. ನೀನು ಸರಿಸು ಅಂದ ಆ ಎಡಗಣ್ಣಿದೆಯಲ್ಲ, ಅದು ಹೊತ್ತೆಲ್ಲ ಬಾಗಿಲನ್ನೇ ನೋಡುತ್ತಿರುತ್ತದೆ. ನೀನು ಬರುವವರೆಗೂ.

ನಿನ್ನ ಕಣ್ಣು ಚುರುಕಾಗಿರಲಿ, ಕೈ ನಡುಗದಿರಲಿ.

ಎರಡು ಕಣ್ಣಲ್ಲಿ ಎರಡು ಕಡೆ ನೋಡುವ,
ನಿನ್ನ ಮಗಳು