ಬಾವಿಗೆ ಬಿದ್ದ ಪೋಸ್ಟ್‌ಮ್ಯಾನ್

ಮೇ 3, 1995. ಬುಧವಾರ

ಬೆಳಿಗ್ಗೆ ಎರಡು ವಿಸಿಆರ್ ಹೆಡ್ ಕ್ಲೀನ್ ಮಾಡಿದ್ದು. ಒಂದರೊಳಗೆ ಖರ್ಜೂರದ ಬೀಜ. ಅದು ಅಲ್ಲಿಗೆ ಹೇಗೆ ಹೋಯಿತೆಂದು ಗಿರಾಕಿಗೂ ಗೊತ್ತಿಲ್ಲ, ನನಗೂ ಇಲ್ಲ.

ಇಜಾಬೆಲ್ಲಾಳ ಕಾಗದ ಬಂತು. ವಿಸಿಟ್ ವೀಸಾ ಆಯಿತಂತೆ. ಜೂನ್ ಒಂದಕ್ಕೆ ಹೆಂಡತಿ, ಮಗಳು ಇಬ್ಬರೂ ಈ ಅರಬ್ಬರ ಊರು ಹಾಯಿಲ್‌ನಲ್ಲಿ! ಎಂಟು ವರ್ಷಗಳ ಮೇಲೆ ಈ ಮನೆಯಲ್ಲಿ ಮತ್ತೆ ಮೂರು ತಟ್ಟೆ. ಕಾಗದದ ಅಡಿಯಲ್ಲಿ ಶರೋನಳ ಅಕ್ಷರ. “ಪಪ್ಪಾ, ಆ ಬಾವಿ ಗೇಮ್ ಇನ್ನೂ ಉಂಟಾ? ಬಿಸಾಡಬೇಡಿ. ನನಗೆ ಬೇಕು.”

ಐದು ಸಲ ಓದಿದೆ. ಎರಡು ವರ್ಷದಿಂದ ಫೋನಿನಲ್ಲಿ “ಹ್ಞೂಂ” ಬಿಟ್ಟರೆ ಬೇರೆ ಮಾತಿಲ್ಲದ ಹುಡುಗಿ. ಕೇಳಿದ್ದು ಇದನ್ನು. ವಾಚ್ ಅಲ್ಲ, ಚೂಡಿದಾರ್ ಬಟ್ಟೆ ಅಲ್ಲ. ಯಾಕೆ?

ಮೇ 5. ಶುಕ್ರವಾರ

ರಜೆ. ಮಂಚದ ಅಡಿಯ ಎಲ್ಲಾ ಕಾರ್ಟನ್ ಎಳೆದೆ. ಸಿಕ್ಕಿತು. ಗೇಮ್ ಡಬ್ಬಿ, ಒಂದು ಜಾಯ್‌ಸ್ಟಿಕ್ — ಶರೋನ್ ಅದಕ್ಕೆ ಕೋಲು ಎನ್ನುತ್ತಿದ್ದಳು — ಮತ್ತೆ ಆ ಶನಿ ಹಿಡಿದ ಕ್ಯಾಸೆಟ್.

ಒಂದು ಸಿನಿಮಾದ ಹೆಸರಿನಲ್ಲಿ ಮಾಡಿದ ಗೇಮ್. ಸಿನಿಮಾ ಭಾರೀ ಓಡಿತ್ತು ಆಗ. ರಾಜನ ಕಾಗದ ಹೊತ್ತು ಮರುಭೂಮಿ ದಾಟುವವನ ಕಥೆ. ಕುದುರೆ, ಬಿರುಗಾಳಿ, ಯುದ್ಧ, ಎಲ್ಲಾ. ಗೇಮಿನಲ್ಲಿ ಇದೊಂದೂ ಇಲ್ಲ. ಹಸಿರು ಪರದೆ, ನಾಲ್ಕು ಕೆಂಪು ಚೌಕದ ಒಬ್ಬ ಮನುಷ್ಯ, ಬೆನ್ನಿಗೊಂದು ಚೀಲ. ಶರೋನ್ ಅವನಿಗೆ ಪೋಸ್ಟ್‌ಮ್ಯಾನ್ ಎಂದು ಹೆಸರಿಟ್ಟಿದ್ದಳು. ನಾಲ್ಕು ಹೆಜ್ಜೆ ಇಟ್ಟರೆ ಬಾವಿಗೆ ಬೀಳುತ್ತಾನೆ. ಮೇಲೆ ಬರುವುದಿಲ್ಲ. ಮುಗಿಯಿತು ಆಟ.

ಇಡೀ ಲೋಕ ಬೈದ ಗೇಮ್. ನಮ್ಮ ಅಂಗಡಿಯಲ್ಲಿ ಎರಡು ಕಾರ್ಟನ್ ಕೊಳೆಯುತ್ತಿತ್ತು. ಕೊನೆಗೆ ಇಸ್ತ್ರಿಪೆಟ್ಟಿಗೆ ಕೊಂಡವರಿಗೆ ಪುಕ್ಕಟೆ ಎಂದು ಬೋರ್ಡ್ ಹಾಕಿದೆವು. ಜನ ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು ಗೇಮ್ ವಾಪಸ್ ತಂದರು. ಹಾಗೆ ಒಂದು ನಮ್ಮ ಮನೆಗೆ ಬಂತು, 85ರಲ್ಲಿ. ಅವಳಿಗೆ ಆಗ ಎಂಟು.

ಟಿವಿಗೆ ಜೋಡಿಸಿದೆ. ಆನ್ ಆಯಿತು! ನಾಲ್ಕೇ ಹೆಜ್ಜೆ, ಬಾವಿಗೆ ಬಿದ್ದೆ.

ಮೇ 6. ಶನಿವಾರ

ಅಬ್ದುಲ್ಲ ಕುಂಞಿ ಬಂದಿದ್ದ — ಎದುರಿನ ಬಕಾಲಾ, ಅಂದರೆ ದಿನಸಿ ಅಂಗಡಿಯವನು, ಉಳ್ಳಾಲದ ಕಡೆಯವನು, ಹದಿನಾಲ್ಕು ವರ್ಷದ ಸ್ನೇಹ. ಕೌಂಟರಿನ ಮೇಲೆ ಕ್ಯಾಸೆಟ್ ನೋಡಿ ನಗು ತಡೆಯಲಿಲ್ಲ.

“ಎಂತ ಮಾರಾಯ, ಇದು ಇನ್ನೂ ಸಾಯ್ಲಿಲ್ವಾ? ಬಾವಿರಾಣಿ ಬರ್ತಾಳೆ ಅಂತ ತೆಗೆದದ್ದಾ?”

ಬಾವಿರಾಣಿ. ಆ ಹೆಸರು ಇಟ್ಟದ್ದು ನಾನೇ. ಎರಡು ವರ್ಷ ಆಡಿಯೂ ಒಂದು ಬಾವಿ ಹತ್ತಲಾಗದ ಹುಡುಗಿ ಎಂದು ಇಲ್ಲಿ ಕೂತವರಿಗೆಲ್ಲಾ ಹೇಳುತ್ತಿದ್ದೆ. ಊರಿನಲ್ಲೂ ಹೇಳಿದೆ. 93ರ ರಜೆಯಲ್ಲಿ ಬಿಜೈಯಲ್ಲಿ ತಮ್ಮನ ಮದುವೆ ಊಟ. ಮೈಕ್ ಹಿಡಿದದ್ದು ನಾನು, ಎರಡು ಪೆಗ್ ಏರಿತ್ತು... ಜನ ಹೊಟ್ಟೆ ಹಿಡಿದು ನಕ್ಕರು. ಶರೋನ್ ತಟ್ಟೆ ಬಿಟ್ಟು ಎದ್ದು ಹೋದಳು. ಆಮೇಲೆ ಬರೀ “ಹ್ಞೂಂ”.

ನಾನು ತಮಾಷೆ ಮಾಡಿದ್ದಲ್ಲವಾ? ಅಷ್ಟಕ್ಕೆ ಎರಡು ವರ್ಷ ಮಾತು ಬಿಡುವುದಾ? ಕುಂಞಿಯನ್ನು ಕೇಳಿದೆ. ಅವನು ನಗು ನಿಲ್ಲಿಸಿದ. “ಹೆಣ್ಣುಮಕ್ಕಳ ಮನಸ್ಸು ನಂಗೆಂತ ಗೊತ್ತು ಮಾರಾಯ. ನನ್ನ ಮಗಳು ಜಸ್ನಾಗೆ ನಾನು ಅಡ್ಡ ಹೆಸರು ಇಡ್ಲಿಕ್ಕೆ ಹೋಗ್ಲಿಲ್ಲ.”

ಈಗ ಗೇಮ್ ಕೇಳುತ್ತಾಳೆ. ನನ್ನ ಮುಖಕ್ಕೆ ಎಸೆಯಲಿಕ್ಕಾ?

ಮೇ 9

ಮಗ್ರಿಬ್, ಸಂಜೆಯ ಪ್ರಾರ್ಥನೆಯ ಬಾಂಗ್ ಆದೊಡನೆ ಎಲ್ಲರಂತೆ ಶಟರ್ ಎಳೆದು ಮೇಲೆ ಮನೆಗೆ ಬಂದೆ. ಆಗಲೂ ಹೀಗೆಯೇ. ಮಧ್ಯಾಹ್ನದ ಹೊತ್ತು ರಿಪೇರಿ, ಕೊನೆಯ ಪ್ರಾರ್ಥನೆಗೆ ಅಂಗಡಿ ಮುಚ್ಚಿದರೂ ಲೆಕ್ಕ, ಸ್ಟಾಕ್. ಮನೆಯವರ ಮುಖ ನೋಡುವುದೆಂದರೆ ಮಗ್ರಿಬ್‌ನ ಆ ಅರ್ಧ ಗಂಟೆ. ಶರೋನ್ ಟಿವಿ ಮುಂದೆ ಬಾವಿಯೊಳಗೆ ಇರುತ್ತಿದ್ದಳು. “ಪಪ್ಪಾ, ಬಿದ್ದೆ!” ಕೋಲು ನನ್ನ ಕೈಗೆ. ನಾನು ಆ ಕಡೆ ಈ ಕಡೆ ತಿರುಚುವುದು, ಅವಳು ನನ್ನ ತೊಡೆಗೆ ಒರಗಿ ನೋಡುವುದು. ಬೀದಿಯಲ್ಲಿ ಶಟರುಗಳು ಏಳುವ ಸದ್ದು ಕೇಳಿದರೂ “ಇದೊಂದು ಸಲ, ಇದೊಂದು ಸಲ” ಎನ್ನುವುದು.

ಇಂದು ಹನ್ನೊಂದು ಸಲ ಬಿದ್ದೆ. ಒಂದು ಸಲವೂ ಹತ್ತಲಿಲ್ಲ. ಹಾಯಿಲ್‌ನ ಅರ್ಧ ಟಿವಿಗಳನ್ನು ಬಿಚ್ಚಿ ಜೋಡಿಸಿದವನು. ಅವಳು ಬರುವುದರೊಳಗೆ ಕಲಿಯಬೇಕು. ಏನಾದರೂ ಮಾತಾಡಲಿಕ್ಕೆ ಬೇಕಲ್ಲ.

ಮೇ 10

ಕ್ಯಾಸೆಟ್ಟಿನ ರಟ್ಟಿನ ಡಬ್ಬಿಯ ಒಳಗೆ ಗೇಮಿನ ಚೀಟಿ ಸಿಕ್ಕಿತು, ಹೇಗೆ ಆಡಬೇಕೆಂದು ಬರೆದದ್ದು. ಇಷ್ಟು ವರ್ಷ ಬಿಡಿಸಿ ನೋಡಿರಲಿಲ್ಲ. ಮೆಕ್ಯಾನಿಕ್ ಚೀಟಿ ಓದುತ್ತಾನಾ?

ಬಿಡಿಸಿದೆ. ನಡುವಿನಲ್ಲಿ ಒಂದು ಕೈಯಗಲ ಕಪ್ಪು. “ಬಾವಿಗೆ ಬಿದ್ದರೆ” ಎಂಬಲ್ಲಿಂದ ಆರು ಸಾಲು ಪೂರ್ತಿ ಮಸಿ. ಏನೂ ಅರ್ಥವಾಗಲಿಲ್ಲ. ಹಿಂದೆ ತಿರುಗಿಸಿದೆ. ಸಿನಿಮಾದ ಹೀರೋಯಿನ್ ಫೋಟೋ. ಮುಖ ಬಿಟ್ಟು ಕುತ್ತಿಗೆ, ತೋಳು, ಕಾಲು ಎಲ್ಲಾ ಮಾರ್ಕರ್.

 ಆ ಕೆಲಸ ನನ್ನದು, ಮಡಚಿದ ಚೀಟಿಯ ಹೊರಮೈಗೇ ಬಳಿದದ್ದು. ಇಲ್ಲಿಯ ಕಾನೂನು, ಬಂದ ಮಾಲಿನಲ್ಲಿ ಹೆಂಗಸರ ತೋಳು ಕಂಡರೆ ಮಾರ್ಕರ್ ಬಳಿದೇ ಶೆಲ್ಫಿಗೆ ಇಡಬೇಕು. ದಿನಕ್ಕೆ ನೂರು ಕವರ್ ಬಳಿದದ್ದುಂಟು. ಮಾರ್ಕರ್ ದಪ್ಪದ್ದು, ಕಾಗದ ತೆಳು. ಇಂಕು ಆಚೆ ಇಳಿದು ಬಾವಿಯ ಸಾಲುಗಳನ್ನೇ ನುಂಗಿತು.

ಅಂದರೆ ದಾರಿ ಇತ್ತು. ಅದನ್ನು ಮುಚ್ಚಿದವನು ನಾನು. ನನ್ನ ಮಗಳಿಗೆ ತಲೆ ಇಲ್ಲ ಎಂದು ನಕ್ಕವನೂ ನಾನು.

ಮೇ 12

ಮಾಡಬಾರದ್ದನ್ನು ಮಾಡಿದೆ. ಮಾರ್ಕರ್ ಹೋಗಲಿ ಎಂದು ಹತ್ತಿಗೆ ಹೆಡ್ ಕ್ಲೀನಿಂಗ್ ಸ್ಪಿರಿಟ್ ಹಾಕಿ ಉಜ್ಜಿದೆ. ಮಾರ್ಕರ್ ಹೋಯಿತು. ಅಕ್ಷರವೂ ಅದರೊಟ್ಟಿಗೆ ಹೋಯಿತು. ಉಳಿದದ್ದು ನೀಲಿ ರಾಡಿ.

ಇನ್ನು ಯಾರನ್ನು ಕೇಳುವುದು?

ಮೇ 30

ಇಷ್ಟು ದಿನ ಬರೆಯಲಿಲ್ಲ. ಬರೆಯಲಿಕ್ಕೆ ಎಂತ ಉಂಟು — ಬಿದ್ದೆ, ಬಿದ್ದೆ, ಬಿದ್ದೆ.

ಕಿಟಕಿಯ ಪರದೆ ಒಗೆಸಿದೆ. ಕುಂಞಿ ಬಂಗುಡೆ ತಂದು ಫ್ರೀಜರಿನಲ್ಲಿ ಇಟ್ಟ. ಕ್ಷಮೆ ಕೇಳುವುದು ಹೇಗೆಂದು ಕನ್ನಡಿ ಮುಂದೆ ಅಭ್ಯಾಸ ಮಾಡಿದೆ. ನಲವತ್ತಾರು ವರ್ಷದ ಗಂಡಸು. ನನಗೇ ನಗು ಬಂತು. ಆಮೇಲೆ ಬರಲಿಲ್ಲ.

ಜೂನ್ 2. ಶುಕ್ರವಾರ

ಬಂದರು. ನಿನ್ನೆ ಸಂಜೆ. ಶರೋನ್ ನನ್ನ ಭುಜದವರೆಗೆ ಬೆಳೆದಿದ್ದಾಳೆ. ಏರ್‌ಪೋರ್ಟಿನಲ್ಲಿ, ಮೈಮುಚ್ಚುವ ಕಪ್ಪು ಅಬಾಯಾದಲ್ಲಿ ಗುರುತೇ ಸಿಗಲಿಲ್ಲ, ಬೇರೆ ಯಾರದ್ದೋ ಸೂಟ್‌ಕೇಸಿನ ಹತ್ತಿರ ಹೋಗಿ ನಿಂತೆ. ಇಜಾಬೆಲ್ಲಾ ಕರೆದಳು, “ಅಲ್ಲ ಮಾರಾಯ್ರೆ, ಮಗಳು ಇಲ್ಲಿದ್ದಾಳೆ!”

“ಫ್ಲೈಟ್ ಒಳ್ಳೆದಿತ್ತಾ?” “ಹ್ಞೂಂ.” “ಹಸಿವಾಯ್ತಾ?” “ಹ್ಞೂಂ.”

ಕಾರ್ಟನ್ ತೋರಿಸಿದೆ. ನೋಡಿದಳು. ಮುಟ್ಟಲಿಲ್ಲ.

ಜೂನ್ 6. ಮಂಗಳವಾರ, ರಾತ್ರಿ 9

ಕ್ರಮವಾಗಿ ಬರೆಯುತ್ತೇನೆ. ಇಲ್ಲದಿದ್ದರೆ ನನಗೇ ತಿಳಿಯುವುದಿಲ್ಲ.

ಮಗ್ರಿಬ್‌ಗೆ ಮೇಲೆ ಬಂದಾಗ ಶರೋನ್ ಟಿವಿ ಮುಂದೆ. ಗೇಮ್ ಹಾಕಿದ್ದಾಳೆ. ಪೋಸ್ಟ್‌ಮ್ಯಾನ್ ನಡೆದ, ಬಿದ್ದ. ನಾನು ತಡೆಯಲಾಗದೆ ಹೇಳಿಬಿಟ್ಟೆ. ಮಾರ್ಕರ್, ಚೀಟಿ, ಸ್ಪಿರಿಟ್, ಎಲ್ಲಾ. ಕನ್ನಡಿ ಮುಂದೆ ಕಲಿತದ್ದು ಒಂದೂ ಬರಲಿಲ್ಲ. “ತಪ್ಪು ನಂದು ಮಗಾ. ನಾನೇ ದಾರಿ ಮುಚ್ಚಿದ್ದು.”

ಅವಳು ಕೋಲನ್ನು ನೆಲಕ್ಕಿಟ್ಟಳು. ಸುಮ್ಮನೆ ಕೂತಳು. ತುಟಿ ಮಾತ್ರ ಅಲುಗುತ್ತಿತ್ತು. ಆಮೇಲೆ ಕೋಲಿನ ಬಟನ್ ಒಂದು ಸಲ ಒತ್ತಿದಳು. ಪೋಸ್ಟ್‌ಮ್ಯಾನ್ ಮೇಲೆ ಬಂದ.

ನಾನು ಬಾಯಿ ತೆರೆದು ನೋಡಿದೆ.

“ಕೋಲು ಮುಟ್ಟಬಾರ್ದು, ಪಪ್ಪಾ. ಹತ್ತು ಎಣಿಸ್ಬೇಕು, ಮತ್ತೆ ಬಟನ್. ಅಷ್ಟೇ.”

“ನಿಂಗೆ ಯಾರು ಹೇಳಿದ್ದು?”

“ಚೀಟಿ. ಟ್ಯೂಬ್‌ಲೈಟಿಗೆ ಹಿಡಿದ್ರೆ ಮಸಿಯ ಒಳಗೆ ಅಕ್ಷರ ಕಾಣ್ತಿತ್ತು. ನೀವು ಗೇಮ್ ತಂದ ವಾರವೇ ನಾನೂ ಮಮ್ಮಿಯೂ ಓದಿದ್ದು.”

ಇಜಾಬೆಲ್ಲಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. 

“ಮತ್ತೆ ಎರಡು ವರ್ಷ ಯಾಕೆ ಬೀಳ್ತಾ ಇದ್ದದ್ದು?”

ಶರೋನ್ ಪರದೆ ನೋಡುತ್ತಲೇ ಹೇಳಿದಳು. “ನೀವು ಬರ್ತಿದ್ದದ್ದು ಅರ್ಧ ಗಂಟೆ. ಬಂದು ಚಾ ಕುಡಿದು ಹೋಗ್ತಿದ್ರಿ. ನಾನು ಬಿದ್ರೆ ಮಾತ್ರ ಹತ್ರ ಕೂತ್ಕೊಳ್ತಿದ್ರಿ. ಶಟರ್ ಸದ್ದು ಕೇಳಿದ್ರೂ ಏಳ್ತಿರ್ಲಿಲ್ಲ. ನಾನು ಮೇಲೆ ಬಂದಿದ್ರೆ ನೀವು ಕೆಳಗೆ ಹೋಗ್ತಿದ್ರಿ.”

ಕೋಲನ್ನು ದೂರ ತಳ್ಳಿ, “ನೀವು ಎಲ್ಲರ ಎದುರು ನಗಾಡಿದ್ದು ಅದನ್ನೇ, ಪಪ್ಪಾ.”

“ಈಗ ಯಾಕೆ ಗೇಮ್ ಕೇಳಿದ್ದು ಹಾಗಾದ್ರೆ?”

“ಒಮ್ಮೆ ಹತ್ತಿ ತೋರಿಸುವ ಅಂತ.”

ಟಿವಿ ಆಫ್ ಮಾಡಿ ಒಳಗೆ ಹೋದಳು. ನಾನು ಅಂಗಡಿಗೆ ಇಳಿದೆ. ಅದು ಬಿಟ್ಟರೆ ಬೇರೇನು ಮಾಡಬೇಕೆಂದು ಗೊತ್ತಾಗಲಿಲ್ಲ. ಯಾರಿಗೋ ಕೊಡಬೇಕಾದ ರಿಮೋಟ್ ಇನ್ನಾರಿಗೋ ಕೊಟ್ಟೆ. ಕುಂಞಿ ಚಾ ತಂದು ಇಟ್ಟ, ಕುಡಿಯಲಿಲ್ಲ. ಎಂಟು ವರ್ಷದ ಮಗುವಿಗೆ ನನ್ನ ಹತ್ತಿರ ಕೂರಲಿಕ್ಕೆ ಒಂದು ಉಪಾಯ ಬೇಕಾಗಿತ್ತು. ಇಷ್ಟು ವರ್ಷ ಸೋತದ್ದು ಅವಳು ಎಂದುಕೊಂಡಿದ್ದೆ. ನಾಚಿಕೆ ಆಗುತ್ತದೆ. ಬಹಳ ಆಗುತ್ತದೆ.

ಜೂನ್ 7. ಸಂಜೆ 7:40

ಮಗ್ರಿಬ್ ಮುಗಿಯಿತು. ಬೀದಿಯಲ್ಲಿ ಶಟರುಗಳು ಏಳುತ್ತಿವೆ. ಕುಂಞಿ ಕೆಳಗಿಂದ ಕೂಗುತ್ತಿದ್ದಾನೆ — “ಕ್ಲೆಮೆಂಟ್, ಯಲ್ಲಾ, ಬೇಗ ಬಾ! ಗಿರಾಕಿ ನಿಂತಿದ್ದಾರೆ!”

ಚಪ್ಪಲಿ ಹಾಕಿದ್ದೆ. ಅಂಗಡಿಯ ಬೀಗದ ಕೈ ಇಲ್ಲೇ, ಈ ಪುಸ್ತಕದ ಮೇಲೆ. ಆಗ ಟಿವಿ ಕಡೆಯಿಂದ, ನನ್ನತ್ತ ತಿರುಗದೆ —

“ಪಪ್ಪಾ, ಬಿದ್ದೆ.”

ಕೋಲನ್ನು ಪಕ್ಕಕ್ಕೆ ಚಾಚಿ ಹಿಡಿದಿದ್ದಾಳೆ. ಚಪ್ಪಲಿ ಬಿಚ್ಚಿದೆ. ಕುಂಞಿಗೆ ಕಿಟಕಿಯಿಂದ ಹೇಳಬೇಕು, ಇವತ್ತು ಅಂಗಡಿ ತೆರೆಯುವುದಿಲ್ಲ ಎಂದು.