ಗೋಡೆಯಾಚೆಯ ಒಂಟಿ ತಂತಿ

ಮೆಗಾಬಿತ್ ತಿಂಗಳ ೨೯

ಪೇಪರ್ ತಿದ್ದಿದೆ. ಹತ್ತನೇ ತರಗತಿಯ ಕೆಮಿಸ್ಟ್ರಿ. ಒಬ್ಬಳೂ ಸಮೀಕರಣ ಸರಿದೂಗಿಸಿಲ್ಲ. ಎಲ್ಲರಿಗೂ ಪಾಸ್ ಹಾಕಿದೆ — ಜಗಳಾಡುವ ಶಕ್ತಿ ಇಲ್ಲ.

ಬೇಳೆ ಸಾರು ಮಾಡಿದ್ದೆ. ಮಲಗುವವರೆಗೂ ಪಾತ್ರೆ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ದೆಜೆನೆ ಮಿನಿಬಸ್ ನಿಲ್ಲಿಸಿ ಒಳಗೆ ಬಂದರೆ ಮೊದಲು ಮುಚ್ಚಳ ತೆಗೆಯುತ್ತಿದ್ದ, ಆಮೇಲೆ ನನ್ನ ಮುಖ ನೋಡುತ್ತಿದ್ದ. ಮದುವೆಯಾದಾಗಿನಿಂದ ಇದಕ್ಕೆ ಬೈದಿದ್ದೇ ಬೈದಿದ್ದು. ಹೋದ ವಾರ ಅವನನ್ನು ಮಣ್ಣು ಮಾಡಿದೆವು. ಬಹಾರ್ ದಾರ್ ರಸ್ತೆಯಲ್ಲಿ ಬಸ್ಸನ್ನು ನೀಟಾಗಿ ಪಕ್ಕಕ್ಕೆ ನಿಲ್ಲಿಸಿ, ಸ್ಟೀರಿಂಗ್ ಮೇಲೆ ತಲೆಯಿಟ್ಟು ಹೋಗಿಬಿಟ್ಟ. ಪ್ರಯಾಣಿಕರಿಗೆ ಒಂದು ಗೀರೂ ಆಗಲಿಲ್ಲವಂತೆ.

ಬೀದಿಯಲ್ಲಿ ಡೇರೆ ಹಾಕಿ ಮೂರು ದಿನ ಕೇರಿಯೆಲ್ಲ ಎದೆ ಬಡಿದುಕೊಂಡು ಅತ್ತಿತು. ನಾನು ಬಂದವರಿಗೆ ಕೂರಲು ಜಾಗ ತೋರಿಸುತ್ತಿದ್ದೆ. ಕಣ್ಣಲ್ಲಿ ಒಂದು ಹನಿ ಇಲ್ಲ.

ಉಪವಾಸದ ದಿನಗಳು. ಪಕ್ಕದ ಲಕೆಚ್‌ಳ ಜೇನುಹೆಂಡದ ಅಂಗಡಿಯಲ್ಲಿ ಹಾಡಿಲ್ಲ. ಅದೊಂದು ಪುಣ್ಯ. ಅಲ್ಲಿ ಹಾಡುವ ಅಜ್ಮಾರಿ ಬಿರಾರಾ, ಅವನ ಒಂಟಿ ತಂತಿಯ ಪಿಟೀಲು ಮಸೆಂಕೊ, ಕುಡಿದವರು "ತಗೋ ಅಜ್ಮಾರಿ!" ಎಂದು ಒದರಿದ್ದನ್ನೆಲ್ಲ ಅವನು ರಾಗ ಹಾಕಿ ತಿರುಗಿ ಒದರುವುದು — ನಮ್ಮಿಬ್ಬರಿಗೂ ಆಗುತ್ತಿರಲಿಲ್ಲ. "ಶುರುವಾಯ್ತು ನೋಡು, ಬೆಕ್ಕಿನ ಬಾಲ ತುಳಿದ್ರು" ಅನ್ನುತ್ತಿದ್ದ ದೆಜೆನೆ. ನಾವಿಬ್ಬರೂ ಜಗಳವಿಲ್ಲದೆ ಒಪ್ಪಿದ ಕೆಲವೇ ವಿಷಯಗಳಲ್ಲಿ ಅದೊಂದು.

ಮಿಯಾಝಿಯಾ ತಿಂಗಳ ೪

ದೆಜೆನೆಯ ಅಕ್ಕ ಯೆಷಿ ಬಂದಿದ್ದಳು. ಕಾಫಿ ಮೂರನೇ ಸುತ್ತಿಗೆ ಬರುವವರೆಗೂ ತಡೆದುಕೊಂಡಳು.

"ಜನ ಏನಂತಿದಾರೆ ಗೊತ್ತಾ ತಿರ್ಸಿತ್? ನಲವತ್ತರ ತಿಥಿ ದಿನಾನಾದ್ರೂ ಅಳ್ತಾಳೋ ಇಲ್ವೋ ಅಂತ."

"ಬರ್ಬೇಕಲ್ಲಕ್ಕಾ."

"ಬರುತ್ತೆ. ಅಳಿಸೋಳನ್ನ ಕರೆಸ್ತೀನಿ. ಅವಳ ಬಾಯಿಗೆ ಕಲ್ಲೂ ಅಳುತ್ತೆ. ನನ್ನ ತಮ್ಮ ನಾಯಿ ಸತ್ತ ಹಾಗೆ ಸಾಯ್ಲಿಲ್ಲ ಕಣೇ."

ಆಯ್ತು ಅಂದೆ. ಅವಳು ಹೋದ ಮೇಲೆ ಕನ್ನಡಿ ಮುಂದೆ ನಿಂತು ಪ್ರಯತ್ನಪಟ್ಟೆ. ಮುಖ ಸೊಟ್ಟಗಾಯಿತು, ಅಷ್ಟೇ. ಜನರ ಮಾತಿಗೆ ಹೆದರಿಕೆಯಿಲ್ಲ. ನನಗೇ ಹೆದರಿಕೆ. ಅಳು ಬರದಿದ್ದರೆ ಇಷ್ಟು ವರ್ಷ ನಾನು ಅವನನ್ನು ಪ್ರೀತಿಸಿಯೇ ಇರಲಿಲ್ಲವೇ?

ಮಿಯಾಝಿಯಾ ೧೩

ನಿನ್ನೆ ಫಾಸಿಕಾ ಹಬ್ಬ. ಉಪವಾಸ ಮುಗಿಯಿತು. ಯೆಷಿ ಕೋಳಿಸಾರು ಕಳಿಸಿದ್ದಳು. ತಿಂದೆ. ರುಚಿ ನೆನಪಿಲ್ಲ.

ಸಂಜೆ ಗೋಡೆಯಾಚೆ ಬೆಕ್ಕು ಶುರುವಾಯಿತು. ಸ್ವಲ್ಪ ಹೊತ್ತು ಸಹಿಸಿಕೊಂಡೆ. ಆಮೇಲೆ ಕಪ್ಪು ಬಟ್ಟೆಯಲ್ಲೇ ಲಕೆಚ್‌ಳ ಅಂಗಡಿಗೆ ನುಗ್ಗಿದೆ, ದೂರು ಹೇಳಲು. ಹೊಸ್ತಿಲು ದಾಟಿದ್ದೇ ತಡ, ಆ ಬಿರಾರಾ ಕಮಾನು ನನ್ನತ್ತ ತಿರುಗಿಸಿ ಹಾಡಿದ —

"ಗೋಡೆಯಾಚೆಯ ಅಕ್ಕ ಬಂದ್ಳು, ದೂರು ತಂದ್ಳು ಮಡಿಲಲಿ,
ಕೂರಿಸ್ರಪ್ಪಾ ಮೊದ್ಲು ಅಕ್ಕನ್ನ, ದೂರು ಕೂರ್ಲಿ ಬದಿಯಲಿ."

ಎಲ್ಲರೂ ನಕ್ಕರು. ನಂತರ ನನ್ನ ಬಟ್ಟೆಯ ಬಣ್ಣ ನೋಡಿ ಲೋಟ ಕೆಳಗಿಟ್ಟರು. ನಾನು ದೂರನ್ನು ಹಾಗೇ ಹೊತ್ತು ವಾಪಸ್ ಬಂದೆ. ಮೈಯೆಲ್ಲ ಉರಿಯಿತು. ಇಷ್ಟು ದಿನಗಳಲ್ಲಿ ಉರಿದದ್ದು ಅದೊಂದೇ.

ಮಿಯಾಝಿಯಾ ೧೪

ಸ್ಟಾಫ್ ರೂಮಿನಲ್ಲಿ ಟೀ ಕಲಕುತ್ತಾ ಗುನುಗುತ್ತಿದ್ದೆ — ದೂರು ಕೂರ್ಲಿ ಬದಿಯಲಿ. ಥೂ.

ಮಿಯಾಝಿಯಾ ೧೯

ಕುರ್ಚಿಯನ್ನು ಗೋಡೆಯ ಹತ್ತಿರ ಹಾಕಿಕೊಂಡಿದ್ದೇನೆ. ಅಲ್ಲಿ ಬೆಳಕು ಚೆನ್ನಾಗಿದೆ, ಪೇಪರ್ ತಿದ್ದಲು.

...ಬೆಳಕು ಏನೂ ಚೆನ್ನಾಗಿಲ್ಲ.

ಬಿರಾರಾನ ದನಿ ಒಳ್ಳೆಯದಲ್ಲ. ಮೇಲೆ ಹೋದರೆ ಒಡೆಯುತ್ತದೆ. ಆದರೆ ಜನ ಕೊಟ್ಟ ಸಾಲನ್ನು ಅವನು ತಿದ್ದುವುದಿಲ್ಲ. ಇವತ್ತು ಒಬ್ಬ ಮುದುಕ, ನಾಲಗೆ ತೊದಲುತ್ತಿತ್ತು, ಕಳೆದುಹೋದ ಕತ್ತೆಯ ಮೇಲೆ ಸಾಲು ಕೊಟ್ಟ. ಮಧ್ಯದಲ್ಲಿ ಮರೆತ. ಬಿರಾರಾ ಅವನು ಮರೆತಲ್ಲೇ ನಿಂತ, ಅಲ್ಲಿಂದಲೇ ಎತ್ತಿಕೊಂಡ. ಯಾರೂ ನಗಲಿಲ್ಲ. ನಾನು ತಿದ್ದುವ ಪೆನ್ನು ಕೆಳಗಿಟ್ಟೆ.

ಇಷ್ಟವಾಯಿತು. ಬರೆದುಬಿಟ್ಟೆ. ದೆಜೆನೆ ಓದುವುದಿಲ್ಲವಲ್ಲ.

ಮಿಯಾಝಿಯಾ ೨೭

ಇವತ್ತು ಹೋಗಿ ಒಳಗೇ ಕೂತೆ. ಲಕೆಚ್ ಕೇಳದೆಯೇ ಲೋಟ ತಂದಿಟ್ಟಳು.

"ತಗೋ ಅಜ್ಮಾರಿ" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಕೊಡಿ ಅಕ್ಕಾ."

"ನನ್ನ ಗಂಡ ಹೇಳ್ತಿದ್ದ, ನಿನ್ನ ತಂತಿ ತುಳಿದ ಬೆಕ್ಕಿನ ಬಾಲ ಅಂತ."

ಎಲ್ಲರೂ ಅವನತ್ತ ತಿರುಗಿದರು. ಕೊಟ್ಟಿದ್ದನ್ನು ಹಾಡದೆ ಅವನಿಗೆ ವಿಧಿಯಿಲ್ಲ — ಬೈಗುಳವಾದರೂ ಸರಿ. ಕಣ್ಣು ಮುಚ್ಚಿ ಹಾಡಿದ. ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ. ಅವನ ಬಾಯಲ್ಲಿ ದೆಜೆನೆಯ ಮಾತು. ಗೋಡೆಯ ಈಚೆ ಹುಟ್ಟಿದ್ದು ಆಚೆ ಹೋಗಿ ಹಾಡಾಯಿತು. ಅಂಗಡಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಬಿರಾರಾನೂ ನಕ್ಕ.

"ನಿಮ್ಮ ಯಜಮಾನ್ರಿಗೆ ಕಿವಿ ಚೆನ್ನಾಗಿತ್ತು ಬಿಡಿ. ಇನ್ನೊಂದು ಕೊಡಿ."

ಲೋಟ ಖಾಲಿ ಮಾಡಿದೆ. ದುಡ್ಡಿಟ್ಟು ಎದ್ದು ಬಂದೆ.

ಮಿಯಾಝಿಯಾ ೩೦, ಸಂಜೆ

ನಲವತ್ತರ ದಿನ ಮುಗಿಯಿತು. ಬರೆದಿಡಬೇಕು.

ಬೆಳಿಗ್ಗೆ ಅಳಿಸುವವಳು ಬಂದಳು. ದೊಡ್ಡ ಗಂಟಲು. ದೆಜೆನೆಯನ್ನು ಸಿಂಹ ಅಂದಳು, ಕೋಟೆ ಅಂದಳು, ಕೇರಿಯ ಕಂಬ ಅಂದಳು. ಎಲ್ಲರೂ ಅತ್ತರು. ನಾನು ಯೋಚಿಸುತ್ತಿದ್ದೆ, ಯಾರ ವಿಷಯ ಹೇಳುತ್ತಿದ್ದಾಳೆ ಈಕೆ? ಯೆಷಿ ತೊಡೆ ಚಿವುಟಿದಳು. ನೋವಾಯಿತು. ನೀರು ಬರಲಿಲ್ಲ.

ಊಟದ ಹೊತ್ತಿಗೆ ಬಿರಾರಾ ಬಂದ. ಮಸೆಂಕೊ ತಂದಿರಲಿಲ್ಲ. ಬಾಗಿಲ ಪಕ್ಕದಲ್ಲಿ, ಚಪ್ಪಲಿಗಳ ಹತ್ತಿರ ಕೂತು ಇಂಜೆರಾ ರೊಟ್ಟಿ ಮುರಿಯುತ್ತಿದ್ದ.

"ತಗೋ ಅಜ್ಮಾರಿ" ಅಂದೆ.

ಅವನ ಕೈ ಅಲ್ಲೇ ನಿಂತಿತು. "ಇಲ್ಲೇನಾ? ಅಕ್ಕಾ, ಪಾದ್ರಿಗಳಿದಾರೆ."

"ಹುಚ್ಚು ಹಿಡೀತಾ ನಿಂಗೆ? ಹೆಂಡದಂಗಡಿ ಹಾಡು ಇಲ್ಲಿ?" ಯೆಷಿ ನನ್ನ ತೋಳು ಎಳೆದಳು.

"ತಗೋ."

ಅವನು ಪಾದ್ರಿಗಳ ಕಡೆ ನೋಡಿದ. ಅವರು ಊಟ ಮುಂದುವರಿಸಿದರು. ಕೈ ಒರೆಸಿಕೊಂಡು ಎದ್ದು ನಿಂತ. "ಕೊಡಿ."

"ಮನೆಗೆ ಬಂದ್ರೆ ಮೊದಲು ಪಾತ್ರೆ ಮುಚ್ಚಳ ತೆಗೀತಿದ್ದ."

ಹಾಡಿದ. ತಂತಿಯಿಲ್ಲದೆ, ಬರಿ ಗಂಟಲು.

"ಆಮೇಲೆ ಕೇಳ್ತಿದ್ದ ನನ್ನ, ಹೇಗಿದೀಯಾ ಅಂತ."

ಹಾಡಿದ. ಅಳಿಸುವವಳೂ ತಲೆಯೆತ್ತಿದಳು.

"ಈಗ ಆ ಮುಚ್ಚಳ—"

ಅಷ್ಟೇ. ಆಮೇಲೆ ಬಂದ ಸದ್ದು ನನ್ನದೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಯೆಷಿ ನನ್ನನ್ನು ತಬ್ಬಿಕೊಂಡಳು. ಬಿರಾರಾ ಕಾದ. ಆಮೇಲೆ ಆ ಸಾಲನ್ನೂ ತೆಗೆದುಕೊಂಡ. ಪೂರ್ತಿ ಮಾಡಲಿಲ್ಲ. ಈಗ ಆ ಮುಚ್ಚಳ... ನಾನು ಮುರಿದಲ್ಲೇ ಮುರಿದ. ಮತ್ತೆ ಹಾಡಿದ, ಮತ್ತೆ ಅಲ್ಲೇ. ನಾನು ಅತ್ತೆ, ಅತ್ತೆ, ಗಂಟಲು ಕಟ್ಟುವವರೆಗೂ ಅತ್ತೆ.

ಈಗ ಎಲ್ಲರೂ ಹೋಗಿದ್ದಾರೆ. ಕಣ್ಣು ಊದಿದೆ, ಅಕ್ಷರ ಸರಿಯಾಗಿ ಕಾಣುತ್ತಿಲ್ಲ. ಹಸಿವಾಗುತ್ತಿದೆ. ಎದ್ದು ಹೋಗಿ ಮುಚ್ಚಳ ತೆಗೆದು ನೋಡಿದೆ. ಮಧ್ಯಾಹ್ನದ ಸಾರು ಇನ್ನೂ ಇದೆ.

ಗೋಡೆಯಾಚೆ ತಂತಿ ಬಿಗಿಯುತ್ತಿದ್ದಾನೆ. ಕುರ್ಚಿ ಎಳೆದುಕೊಂಡೆ. ಶುರುವಾಯ್ತು ನೋಡು ದೆಜೆನೆ, ಬೆಕ್ಕಿನ—